ತ್ರಾಸವೂ ಭಯವೂ: ಭಯಾನಕ ಚಲನಚಿತ್ರದ ಹಿನ್ನೆಲೆ ಸಂಗೀತ

ಕಾವ್ಯಮೀಮಾಂಸೆಯ ಪಠ್ಯದಲ್ಲಿ ಶೃಂಗಾರ, ವೀರ, ಕರುಣ ರಸಗಳಿಗೆ ದೊರೆಯುವ ವಿಸ್ತಾರವಾದ ವಿವೇಚನೆ ಭಯಾನಕ ರಸಕ್ಕೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಸ್ಥಾಯಿಭಾವ ಭಯ, ವರ್ಣ ಕಪ್ಪು, ಅಧಿದೇವತೆ ಕಾಲ ಎಂಬ ಮೂರು ಸಂಗತಿಗಳನ್ನು ಬರೆದುಕೊಂಡು ವಿದ್ಯಾರ್ಥಿಗಳು ಮುಂದಿನ ರಸಕ್ಕೆ ಸಾಗುತ್ತಾರೆ. ಆದರೆ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಈ ರಸದ ವಿಭಾವಗಳನ್ನು ಹೇಳಿರುವ ಕ್ರಮ ಗಮನಾರ್ಹವಾಗಿದೆ. ಅವನು ಮೊದಲು ಹೇಳುವುದು ವಿಕೃತವಾದ ರವವನ್ನು. ಭೂತಾದಿಗಳ ದರ್ಶನ ಆಮೇಲೆ ಬರುತ್ತದೆ. ಅನಂತರ ನರಿ ಮತ್ತು ಗೂಬೆಗಳ ಕೂಗಿನಿಂದಾಗುವ ಕಳವಳ, ಶೂನ್ಯವಾದ ಮನೆ, ಅರಣ್ಯ ಮುಂತಾದವು ಬರುತ್ತವೆ. ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಕೇಳುವುದು ಇಲ್ಲಿ ಸ್ಥಾನ ಪಡೆದಿದೆ.

ಇಂದಿನ ಭಯಾನಕ ಚಲನಚಿತ್ರಗಳ ಹಿನ್ನೆಲೆ ಸಂಗೀತವನ್ನು ಅರ್ಥಮಾಡಿಕೊಳ್ಳಲು ಈ ಪಟ್ಟಿ ಒಳ್ಳೆಯ ಪ್ರವೇಶದ್ವಾರ. ಪಾಳು ಮನೆ, ಕಾಡು, ಕತ್ತಲೆ, ಯಾರದೋ ಕೂಗು ಎಂಬ ಸಾಮಗ್ರಿ ಸಾವಿರಾರು ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಬದಲಾಗಿರುವುದು ರವವನ್ನು ಉಂಟುಮಾಡುವ ವಿಧಾನ. 2015ರಲ್ಲಿ ಮೊದಲ ಪ್ರದರ್ಶನ ಕಂಡ 'ದಿ ವಿಚ್' ಮತ್ತು 2018ರಲ್ಲಿ ತೆರೆಗೆ ಬಂದ 'ಹೆರೆಡಿಟರಿ' ಎಂಬ ಎರಡು ಇಂಗ್ಲಿಷ್ ಚಿತ್ರಗಳ ಸಂಗೀತ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿದೆ. ಪ್ರೇಕ್ಷಕನನ್ನು ಬೆಚ್ಚಿಬೀಳಿಸುವುದು ಬೇರೆ, ಅವನಲ್ಲಿ ಭಯವನ್ನು ನೆಲೆಗೊಳಿಸುವುದು ಬೇರೆ ಎಂಬ ವಿವೇಕ ಈ ಎರಡು ಚಿತ್ರಗಳ ಸಂಗೀತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಭೇದವನ್ನು ಸೂಚಿಸುವ ಪರಿಭಾಷೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಹಿಂದಿನಿಂದಲೂ ಇದೆ.

ತ್ರಾಸ ಮತ್ತು ಭಯ

ಭರತನು ಎಣಿಸಿರುವ 33 ವ್ಯಭಿಚಾರಿಭಾವಗಳಲ್ಲಿ ತ್ರಾಸವೂ ಒಂದು. ಮಿಂಚು, ಉಲ್ಕಾಪಾತ, ಸಿಡಿಲು, ಗುಡುಗು, ದೊಡ್ಡ ಪ್ರಾಣಿಗಳ ಅಬ್ಬರ ಇವುಗಳಿಂದ ಅದು ಹುಟ್ಟುತ್ತದೆ. ಮೈ ನಡುಗುವುದು, ರೋಮಾಂಚ, ಮಾತು ತೊದಲುವುದು ಅದರ ಚಿಹ್ನೆಗಳು. ಭಯವಾದರೋ ಸ್ಥಾಯಿಭಾವ. ಮುಂದಿನ ಲಾಕ್ಷಣಿಕರು ಇವೆರಡರ ಅಂತರವನ್ನು ಇನ್ನಷ್ಟು ಬಿಡಿಸಿ ಹೇಳಿದರು. ಥಟ್ಟನೆ ಉಂಟಾಗುವ ಮನಸ್ಸಿನ ನಡುಕ ತ್ರಾಸ. ಹಿಂದುಮುಂದಿನ ಆಲೋಚನೆಯಿಂದ ಮೂಡುವುದು ಭಯ. ಸಿಡಿಲು ಬಡಿದಾಗ ಬೆಚ್ಚುವವನಿಗೆ ಆಲೋಚಿಸಲು ಸಮಯವಿಲ್ಲ. ರಾತ್ರಿ ಒಂಟಿಯಾಗಿ ನಡೆಯುವಾಗ ಹಿಂದೆ ತರಗೆಲೆ ಸರಿದ ಸದ್ದು ಕೇಳಿದವನು ಅದು ಏನಿರಬಹುದು, ಮುಂದೇನಾಗಬಹುದು ಎಂದು ಯೋಚಿಸುತ್ತಾನೆ. ಆ ಯೋಚನೆಯೇ ಅವನ ಭಯವನ್ನು ಬೆಳೆಸುತ್ತದೆ.

ಅಗ್ಗದ ಭಯಾನಕ ಚಿತ್ರಗಳು ಬಹುಮಟ್ಟಿಗೆ ತ್ರಾಸವನ್ನೇ ನೆಚ್ಚಿಕೊಂಡಿರುತ್ತವೆ. ಸ್ವಲ್ಪ ಹೊತ್ತು ನಿಶ್ಶಬ್ದ. ಅನಂತರ ಬಾಗಿಲ ಹಿಂದಿನಿಂದ ಒಂದು ಮುಖ. ಅದರೊಡನೆ ಕಿವಿಗಡಚಿಕ್ಕುವ ಒಂದು ಹೊಡೆತ. ಪ್ರೇಕ್ಷಕ ಕುರ್ಚಿಯಿಂದ ಹಾರುತ್ತಾನೆ, ಮರುಕ್ಷಣ ನಗುತ್ತಾನೆ. ವ್ಯಭಿಚಾರಿಭಾವ ಬಂದಂತೆ ಹೋಯಿತು. ಅದು ಪೋಷಿಸಬೇಕಾಗಿದ್ದ ಸ್ಥಾಯಿ ಅಲ್ಲಿರಲಿಲ್ಲ. ಸ್ಥಾಯಿಯ ಆಸರೆಯಿಲ್ಲದ ವ್ಯಭಿಚಾರಿ ರಸವಾಗಲಾರದೆಂಬ ಶಾಸ್ತ್ರದ ಮಾತಿಗೆ ಇಂಥ ದೃಶ್ಯಗಳು ನಿದರ್ಶನವಾಗುತ್ತವೆ. ವಾತಾವರಣವನ್ನು ನಿರ್ಮಿಸುವ ಸಂಗೀತದ ಕೆಲಸ ಸ್ಥಾಯಿಯನ್ನು ಕಾಪಾಡುವುದು. ಪರದೆಯ ಮೇಲೆ ಏನೂ ನಡೆಯದಿರುವಾಗಲೂ ಏನೋ ನಡೆಯಲಿದೆ ಎಂಬ ಅರಿವನ್ನು ಅದು ಆರದಂತೆ ಉಳಿಸಬೇಕು.

ಈ ಎರಡೂ ಬಗೆಗಳು ಒಂದೇ ಕೃತಿಯಲ್ಲಿ ಕಾಣಸಿಗುವುದು 1960ರ 'ಸೈಕೋ' ಚಿತ್ರದಲ್ಲಿ. ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ಈ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಸಂಗೀತ ರಚಿಸಿದರು. ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕರ ಮೊದಲ ಆಲೋಚನೆಯಾಗಿತ್ತು. ಹರ್ಮನ್ ರಚಿಸಿದ, ಪಿಟೀಲುಗಳು ಕಿರುಚುವ ಆ ತುಣುಕನ್ನು ಕೇಳಿದ ಮೇಲೆ ಅವರು ಮನಸ್ಸು ಬದಲಿಸಿದರು. ಲೋಕಪ್ರಸಿದ್ಧವಾದ ಆ ತುಣುಕು ತ್ರಾಸಕ್ಕೆ ಸಂಬಂಧಿಸಿದ್ದು. ಅದಕ್ಕಿಂತ ಮೊದಲು ನಾಯಿಕೆ ಕದ್ದ ಹಣದೊಡನೆ ಮಳೆಯಲ್ಲಿ ಕಾರು ಓಡಿಸುವ ದೀರ್ಘ ಸನ್ನಿವೇಶವಿದೆ. ದೃಶ್ಯವನ್ನಷ್ಟೇ ನೋಡಿದರೆ ಅಲ್ಲಿರುವುದು ಒಬ್ಬ ಹೆಂಗಸು, ಒಂದು ಕಾರು, ಗಾಜನ್ನು ಒರೆಸುವ ಕಡ್ಡಿ, ಇಷ್ಟೇ. ತಂತಿಗಳ ಬಿಡುವಿಲ್ಲದ ಓಟ ಸೇರಿದ ಕೂಡಲೇ ಆಕೆ ವಿನಾಶದ ಕಡೆಗೆ ಹೋಗುತ್ತಿದ್ದಾಳೆಂಬ ಭಾವ ನೆಲೆಗೊಳ್ಳುತ್ತದೆ. ಇದು ಭಯ. ಮುಂದಿನ ಕೊಲೆಯ ತ್ರಾಸಕ್ಕೆ ಬಲ ಬಂದದ್ದು ಈ ಭಯದಿಂದ.

ಅದೇ 1960ರಲ್ಲಿ ಪೋಲೆಂಡಿನ ಕ್ಶಿಷ್ಟೋಫ್ ಪೆಂಡೆರೆಟ್ಸ್ಕಿ 52 ತಂತಿವಾದ್ಯಗಳಿಗಾಗಿ ಒಂದು ರಚನೆಯನ್ನು ಬರೆದರು. ಹಿರೋಷಿಮಾದಲ್ಲಿ ಮಡಿದವರಿಗೆ ಅರ್ಪಿತವಾದ ಈ ರಚನೆಯಲ್ಲಿ ರಾಗದ ಎಳೆಯಾಗಲಿ ತಾಳದ ನಡೆಯಾಗಲಿ ಇಲ್ಲ. ಒತ್ತೊತ್ತಾಗಿ ಸೇರಿದ ಸ್ವರಗಳ ಮೋಡಗಳಿವೆ. ಸಂಗೀತಶಾಲೆಗಾಗಿ ಹುಟ್ಟಿದ ಈ ಬಗೆಯ ನಾದ ಮುಂದೆ ಚಲನಚಿತ್ರಗಳಿಗೆ ಬಂತು. ಸ್ಟ್ಯಾನ್ಲಿ ಕುಬ್ರಿಕ್ 1980ರ ತಮ್ಮ 'ದಿ ಶೈನಿಂಗ್' ಚಿತ್ರದಲ್ಲಿ ಪೆಂಡೆರೆಟ್ಸ್ಕಿ, ಲಿಗೆಟಿ, ಬಾರ್ಟೋಕ್ ಅವರ ರಚನೆಗಳನ್ನು ಬಳಸಿಕೊಂಡರು. ನಂತರದ ಭಯಾನಕ ಚಿತ್ರಗಳ ನಾದಲೋಕದ ಮೇಲೆ ಈ ಪರಂಪರೆಯ ನೆರಳು ದಟ್ಟವಾಗಿದೆ.

'ದಿ ವಿಚ್': ಸ್ವರದಿಂದ ರವದ ಕಡೆಗೆ

ರಾಬರ್ಟ್ ಎಗರ್ಸ್ ಅವರ ಮೊದಲ ಕಥಾಚಿತ್ರ 'ದಿ ವಿಚ್'. ಕಥೆ ನಡೆಯುವುದು 1630ರ ದಶಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ. ಇಂಗ್ಲೆಂಡಿನಿಂದ ವಲಸೆ ಬಂದ ಕಟ್ಟುನಿಟ್ಟಿನ ಕ್ರೈಸ್ತ ಕುಟುಂಬವೊಂದು ಧಾರ್ಮಿಕ ವಿವಾದದ ಕಾರಣ ತನ್ನ ವಸಾಹತಿನಿಂದ ಬಹಿಷ್ಕೃತವಾಗಿ ಕಾಡಿನ ಅಂಚಿನಲ್ಲಿ ಒಕ್ಕಲು ಹೂಡುತ್ತದೆ. ಹಿರಿಯ ಮಗಳು ಥಾಮಸಿನ್ ಕಣ್ಣುಮುಚ್ಚಿ ತೆರೆಯುವ ಆಟವಾಡಿಸುತ್ತಿದ್ದಾಗ ಹಸುಗೂಸು ಮಾಯವಾಗುತ್ತದೆ. ಬೆಳೆ ಕೆಡುತ್ತದೆ, ಮನೆಯವರು ಒಬ್ಬರನ್ನೊಬ್ಬರು ಶಂಕಿಸತೊಡಗುತ್ತಾರೆ. ಕಾಡಿನಲ್ಲಿರುವುದು ಮಾಟಗಾತಿಯೋ, ಮನೆಯೊಳಗಿರುವುದು ಪಾಪವೋ ಎಂಬ ಪ್ರಶ್ನೆ ಕುಟುಂಬವನ್ನು ಒಡೆಯುತ್ತದೆ.

ಸಂಗೀತ ರಚಿಸಿದವರು ಕೆನಡಾದ ಟೊರಾಂಟೊ ನಗರದ ಮಾರ್ಕ್ ಕೋರ್ವೆನ್. ಎಲೆಕ್ಟ್ರಾನಿಕ್ ಧ್ವನಿ ಬೇಡ, ಮಾಧುರ್ಯದ ಸ್ವರಪಂಕ್ತಿಯೂ ಬೇಡ ಎಂಬುದು ನಿರ್ದೇಶಕರ ನಿಲುವು. ಹೀಗಾಗಿ ಕೋರ್ವೆನ್ ಆಶ್ರಯಿಸಿದ್ದು ಹಳೆಯ ಯುರೋಪಿನ ಜನಪದ ವಾದ್ಯಗಳನ್ನು. ಅವುಗಳಲ್ಲಿ ಮುಖ್ಯವಾದುದು ಸ್ವೀಡನ್ನಿನ ನಿಕೆಲ್‌ಹಾರ್ಪ. ಕಮಾನಿನಿಂದ ಉಜ್ಜಿ ನುಡಿಸುವ ಈ ವಾದ್ಯದಲ್ಲಿ ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಮರದ ಕೀಲಿಗಳನ್ನು ಒತ್ತುತ್ತಾರೆ. ನುಡಿಸುವ ತಂತಿಗಳ ಜೊತೆಗೆ, ಸಾರಂಗಿಯಲ್ಲಿರುವಂತೆ, ತಾವಾಗಿಯೇ ಅನುರಣಿಸುವ ತಂತಿಗಳೂ ಇದರಲ್ಲಿವೆ. ಕಮಾನು ನಿಂತ ಮೇಲೂ ಅವು ಕ್ಷಣಕಾಲ ಗುಂಯ್‌ಗುಡುತ್ತವೆ. ಹಿಡಿಯನ್ನು ತಿರುಗಿಸಿದಾಗ ಚಕ್ರವೊಂದು ತಂತಿಗಳನ್ನು ಉಜ್ಜುವ ಹರ್ಡಿಗರ್ಡಿ ಎಂಬ ವಾದ್ಯವೂ, ಫಿನ್ಲೆಂಡಿನ ಯೌಹಿಕ್ಕೊ ಎಂಬ ಪುರಾತನ ಕಮಾನುವಾದ್ಯವೂ ಇಲ್ಲಿ ಸೇರಿವೆ.

ಜೊತೆಗೆ ವಾಟರ್‌ಫೋನ್ ಎಂಬ ಆಧುನಿಕ ವಾದ್ಯವಿದೆ. ಅಮೆರಿಕದ ರಿಚರ್ಡ್ ವಾಟರ್ಸ್ 1960ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಉಕ್ಕಿನ ಬೋಗುಣಿಯಂಥ ಪಾತ್ರೆ, ಅದರ ಅಂಚಿನಲ್ಲಿ ಹೆಚ್ಚುಕಡಿಮೆ ಉದ್ದದ ಲೋಹದ ಕಡ್ಡಿಗಳು, ಒಳಗೆ ಸ್ವಲ್ಪ ನೀರು, ನಡುವೆ ಹಿಡಿಯಲು ಕೊಳವೆ ಇದರ ರಚನೆ. ಕಡ್ಡಿಗಳನ್ನು ಕಮಾನಿನಿಂದ ಉಜ್ಜುತ್ತ ಪಾತ್ರೆಯನ್ನು ವಾಲಿಸಿದರೆ ಒಳಗಿನ ನೀರು ಕದಲಿ ನಾದದ ಎತ್ತರ ಜಾರುತ್ತ ಹೋಗುತ್ತದೆ. ಯಾವ ಸ್ವರಸ್ಥಾನದಲ್ಲೂ ಅದು ನಿಲ್ಲುವುದಿಲ್ಲ. ಕಿವಿ ಅದಕ್ಕೊಂದು ಹೆಸರಿಡಲು ಯತ್ನಿಸಿ ಸೋಲುತ್ತದೆ.

ಮತ್ತೊಂದು ಅಂಗ ಮಾನವ ಕಂಠ. ಟೊರಾಂಟೊದ ಎಲಿಮೆಂಟ್ ಕ್ವಾಯರ್ ಎಂಬ ಗಾಯಕವೃಂದ ಬರೆದ ಸ್ವರಲಿಪಿಯನ್ನು ಹಾಡುವ ಬದಲು, ಕ್ರಿಸ್ಟೀನ್ ಡಂಕನ್ ಅವರ ಕೈಸನ್ನೆಗಳನ್ನು ಅನುಸರಿಸಿ ಆಶುವಾಗಿ ಧ್ವನಿಗೈಯುವ ತಂಡ. ಗುನುಗು, ಪಿಸುಮಾತು, ಚೀರಾಟ ಇವೆಲ್ಲವೂ ಅವರಿಗೆ ಸಾಮಗ್ರಿ. ಚಿತ್ರದ ಆರಂಭದಲ್ಲಿ ಬಹಿಷ್ಕೃತ ಕುಟುಂಬ ಬಯಲಿನಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತದೆ. ಎದುರಿಗೆ ಮರಗಳ ಸಾಲಿದೆ, ಅಷ್ಟೇ. ಕ್ಯಾಮೆರಾ ಆ ಮರಗಳ ಕಡೆಗೆ ಸರಿದಂತೆ ಕಂಠಗಳು ಒಂದರ ಮೇಲೊಂದು ಹೇರಿಕೊಂಡು ಏರುತ್ತವೆ. ಕಾಡಿನಲ್ಲಿ ಏನಿದೆಯೆಂದು ದೃಶ್ಯ ಹೇಳುವುದಿಲ್ಲ, ಸಂಗೀತವೂ ಹೇಳುವುದಿಲ್ಲ. ಕಾಡು ಬರಿದಾಗಿಲ್ಲವೆಂಬ ಒಂದು ಸಂಗತಿಯಷ್ಟೇ ಮನಸ್ಸಿಗೆ ಇಳಿಯುತ್ತದೆ.

ಭರತನು ಪಾಠ್ಯಪ್ರಕರಣದಲ್ಲಿ ಬೀಭತ್ಸ ಭಯಾನಕಗಳಿಗೆ ಧೈವತ ಸ್ವರವನ್ನು ವಿಧಿಸಿದ್ದಾನೆ. 'ದಿ ವಿಚ್' ಚಿತ್ರದ ಸಂಗೀತ ಇಂಥ ಸ್ವರವಿಧಾನವನ್ನು ಬದಿಗಿಟ್ಟು, ಅದೇ ಭರತನ ವಿಭಾವಗಳ ಪಟ್ಟಿಯಲ್ಲಿರುವ ವಿಕೃತ ರವದ ಬಳಿಗೆ ಹೋಗುತ್ತದೆ. ಸ್ವರ ವ್ಯವಸ್ಥೆಗೆ ಒಳಪಟ್ಟ ನಾದ. ರವ ವ್ಯವಸ್ಥೆಗೆ ಸಿಗದ ನಾದ. ದೇವರ ಕಟ್ಟಳೆಯನ್ನು ನಂಬಿ ಬದುಕುವ ಕುಟುಂಬದ ಸುತ್ತ ಕಟ್ಟಳೆಗೆ ಸಿಗದ ಕಾಡು ಹಬ್ಬಿರುವ ಕಥೆಗೆ ಈ ಆಯ್ಕೆ ಉಚಿತವಾದುದು.

ವಿಕೃತ ರವದ ಕಾರಣ

ಕೆಲವು ನಾದಗಳು ಕಲಿಸದೆಯೇ ಕಳವಳ ಹುಟ್ಟಿಸುವುದೇಕೆ ಎಂಬುದಕ್ಕೆ ಭೌತವಿಜ್ಞಾನ ಮತ್ತು ಪ್ರಾಣಿವಿಜ್ಞಾನ ಎರಡೂ ಉತ್ತರದ ಭಾಗಗಳನ್ನು ಕೊಡುತ್ತವೆ. ಸೆಕೆಂಡಿಗೆ 100 ಸಲ ಕಂಪಿಸುವ ತಂತಿಯನ್ನೂ 104 ಸಲ ಕಂಪಿಸುವ ತಂತಿಯನ್ನೂ ಒಟ್ಟಿಗೆ ಮೀಟಿದರೆ ನಾದವು ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ತಗ್ಗುತ್ತದೆ. ಇದಕ್ಕೆ ವಿಸ್ಪಂದವೆಂದು ಹೆಸರು. ತಂಬೂರಿಯ ಶ್ರುತಿ ಸೇರಿಸುವವರು ಈ ಉಬ್ಬುತಗ್ಗು ಅಡಗುವವರೆಗೆ ಬಿರಡೆಯನ್ನು ತಿರುಗಿಸುತ್ತಾರೆ. ಅದು ಅಡಗಿದಾಗ ಕಿವಿ ವಿಶ್ರಮಿಸುತ್ತದೆ. ಕಂಪನಗಳ ಅಂತರ ಇನ್ನಷ್ಟು ಹೆಚ್ಚಿದಾಗ ಉಬ್ಬುತಗ್ಗುಗಳನ್ನು ಎಣಿಸಲಾಗದೆ ನಾದ ಒರಟಾಗಿ ಕೇಳುತ್ತದೆ. ಭಯಾನಕ ಚಿತ್ರದ ಸಂಗೀತಗಾರ ಮಾಡುವುದು ತಂಬೂರಿಯವನ ಕೆಲಸಕ್ಕೆ ವಿರುದ್ಧವಾದುದು. ಹತ್ತಾರು ಕಂಠಗಳನ್ನೋ ತಂತಿಗಳನ್ನೋ ಸೇರಿಯೂ ಸೇರದಂತೆ ನಿಲ್ಲಿಸಿ, ಕಿವಿಗೆ ವಿಶ್ರಾಂತಿ ಸಿಗದಂತೆ ಅವನು ನೋಡಿಕೊಳ್ಳುತ್ತಾನೆ.

ಪ್ರಾಣಿಗಳು ಪ್ರಾಣಭಯದಿಂದ ಕೂಗುವಾಗ ಗಂಟಲಿನ ತಂತುಗಳು ಹತೋಟಿ ಮೀರಿ ಕಂಪಿಸಿ ಧ್ವನಿ ಒಡೆಯುತ್ತದೆ, ಕರ್ಕಶವಾಗುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇನಿಯಲ್ ಬ್ಲಮ್‌ಸ್ಟೀನ್ ಮಾರ್ಮಟ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿಗಳ ಕೂಗನ್ನು ಅಧ್ಯಯನ ಮಾಡಿದವರು. 2010ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ 102 ಚಲನಚಿತ್ರಗಳ ಧ್ವನಿಯನ್ನು ವಿಶ್ಲೇಷಿಸಿ ಪ್ರಕಟಿಸಿದ ಲೇಖನದಲ್ಲಿ, ಇಂಥ ಕರ್ಕಶ ಗುಣಗಳ ಬಳಕೆ ಚಿತ್ರದ ಪ್ರಕಾರಕ್ಕೆ ತಕ್ಕಂತೆ ಬದಲಾಗುವುದನ್ನೂ ಭಯಾನಕ ಚಿತ್ರಗಳಲ್ಲಿ ಒಡೆದ ಚೀತ್ಕಾರಗಳು ಹೆಚ್ಚಾಗಿರುವುದನ್ನೂ ತೋರಿಸಿದರು. ಆಪತ್ತಿನಲ್ಲಿರುವ ಜೀವದ ಕೂಗನ್ನು ನಿರ್ಲಕ್ಷಿಸದಿರುವುದು ಪ್ರಾಣಿಗಳ ಉಳಿವಿಗೆ ಅಗತ್ಯ. ವಿಕೃತ ರವವನ್ನು ವಿಭಾವಗಳ ಮೊದಲಲ್ಲಿಟ್ಟ ಭರತನ ಲೋಕಾನುಭವಕ್ಕೆ ಈ ಶೋಧನೆ ದೂರದಿಂದ ಬಂದ ಸಾಕ್ಷಿಯಂತಿದೆ.

ಕಾಣದ ಮೂಲ

ರವ ವಿಕೃತವಾಗಿದ್ದರೂ ಅದರ ಮೂಲ ಕಣ್ಣೆದುರಿಗಿದ್ದರೆ ಭಯ ಬೇಗ ಇಳಿಯುತ್ತದೆ. ಮೂಲ ಕಾಣದಿದ್ದಾಗ ಕಲ್ಪನೆ ಕೆಲಸ ಮಾಡತೊಡಗುತ್ತದೆ. ಮೂಲ ಕಾಣದ ಧ್ವನಿಗೆ ಚಲನಚಿತ್ರದಲ್ಲಿರುವ ವಿಶೇಷ ಅಧಿಕಾರವನ್ನು ಫ್ರಾನ್ಸಿನ ವಿಮರ್ಶಕ ಮಿಶೆಲ್ ಶಿಯೋಂ 1982ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಎಲ್ಲಿದೆಯೆಂದು ತಿಳಿಯದ ದನಿ ಎಲ್ಲೆಲ್ಲೂ ಇರುವಂತೆ, ಎಲ್ಲವನ್ನೂ ಬಲ್ಲಂತೆ ತೋರುತ್ತದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಂಗತಿ ಹೊಸದಲ್ಲ. ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ರಾತ್ರಿಯಲ್ಲಿ ಮಾವುತನ ಹಾಡನ್ನು ಮೊದಲು ಕೇಳುತ್ತಾಳೆ. ಹಾಡಿದವನನ್ನು ಅವಳು ಕಂಡಿಲ್ಲ. ಅವನ ವಿಕಾರವಾದ ರೂಪವನ್ನು ದೂತಿ ಬಂದು ತಿಳಿಸುವ ಹೊತ್ತಿಗೆ ಕಿವಿಯ ಮೂಲಕ ಹೋದ ಮನಸ್ಸು ಹಿಂದಿರುಗಲಾರದ ದೂರಕ್ಕೆ ಹೋಗಿಯಾಗಿದೆ. ಅಲ್ಲಿಯ ಭಾವ ರತಿ, ಭಯವಲ್ಲ. ಆದರೂ ರೂಪದಿಂದ ಬಿಡಿಸಿಕೊಂಡ ನಾದ ವಿವೇಕವನ್ನು ದಾಟಿ ಒಳಹೊಗುವ ಬಗೆ ಎರಡು ಕಡೆಯೂ ಒಂದೇ. ರಂಗಭೂಮಿಯಲ್ಲಿಯೂ ಇದಕ್ಕೆ ನಿದರ್ಶನವಿದೆ. ಕಾಸರಗೋಡು ಸೀಮೆಯಲ್ಲಿ ಬೆಳೆದುಬಂದ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಮರೆಯಲ್ಲಿರುವಾಗಲೇ ಚೆಂಡೆಯ ಅಬ್ಬರವೂ ರಾಕ್ಷಸನ ಆರ್ಭಟವೂ ಸಭೆಯನ್ನು ಆವರಿಸುತ್ತವೆ. ವೇಷ ಪೂರ್ಣವಾಗಿ ಕಾಣಿಸಿಕೊಳ್ಳುವ ಮುನ್ನವೇ ಅದರ ಬರವಿಗೆ ಮನಸ್ಸು ಸಿದ್ಧವಾಗಿರುತ್ತದೆ.

'ದಿ ವಿಚ್' ಈ ತತ್ತ್ವವನ್ನು ಇಡೀ ಚಿತ್ರದ ಉದ್ದಕ್ಕೂ ಹರಡಿದೆ. ಆರಂಭದಲ್ಲಿ ಮರಗಳ ಕಡೆಯಿಂದ ಕೇಳಿದ ಕಂಠಗಳಿಗೆ ಒಡೆಯರಿರಲಿಲ್ಲ. ಕೊನೆಯಲ್ಲಿ ಥಾಮಸಿನ್ ಕಾಡನ್ನು ಹೊಕ್ಕಾಗ ಬೆಂಕಿಯ ಸುತ್ತ ಕುಳಿತು ಮಂತ್ರ ಪಠಿಸುವ ಹೆಂಗಸರು ಕಾಣುತ್ತಾರೆ. ಕಿವಿ ಮೊದಲೇ ಅರಿತಿದ್ದುದನ್ನು ಕಣ್ಣು ಕಟ್ಟಕಡೆಗೆ ಕಾಣುತ್ತದೆ. ಆಗ ಥಾಮಸಿನ್‌ಳ ಮುಖದಲ್ಲಿ ಮೂಡುವುದು ನಗೆ. ಮೂಲ ಗೋಚರವಾದ ಮೇಲೆ ಅವಳ ಪಾಲಿನ ಭಯ ಮುಗಿದಿದೆ. ಪ್ರೇಕ್ಷಕನ ಭಯ ಬೇರೊಂದು ರೂಪ ತಾಳಿದೆ.

'ಹೆರೆಡಿಟರಿ': ಒಂದು ಸದ್ದಿನ ಧ್ವನ್ಯರ್ಥ

ಆನಂದವರ್ಧನನು ತನ್ನ ಕಾವ್ಯತತ್ತ್ವಕ್ಕೆ ಧ್ವನಿಯೆಂಬ ಹೆಸರನ್ನು ವೈಯಾಕರಣರಿಂದ ಪಡೆದನು. ಕಿವಿಗೆ ಬೀಳುವ ವರ್ಣಗಳು ಸ್ಫೋಟವನ್ನು ವ್ಯಂಜಿಸುವುದರಿಂದ ಅವರು ಅವನ್ನು ಧ್ವನಿಯೆಂದು ಕರೆದಿದ್ದರು. ಹಾಗೆಯೇ ವಾಚ್ಯವನ್ನು ಮೀರಿದ ಅರ್ಥವನ್ನು ವ್ಯಂಜಿಸುವ ಕಾವ್ಯಕ್ಕೂ ಆ ಹೆಸರು ಸಂದಿತು. ವ್ಯಂಗ್ಯಾರ್ಥ ಹುಟ್ಟುವುದು ಪದದಿಂದ ಮಾತ್ರವಲ್ಲ. ಹೇಳುವವರು, ಕೇಳುವವರು, ಪ್ರಕರಣ, ದೇಶಕಾಲ ಇವುಗಳಿಂದ. ಸೂರ್ಯ ಮುಳುಗಿದನೆಂಬ ಒಂದೇ ಮಾತು ದನಕಾಯುವವನಿಗೆ ಒಂದನ್ನೂ ಅಭಿಸಾರಿಕೆಗೆ ಇನ್ನೊಂದನ್ನೂ ಸೂಚಿಸುತ್ತದೆಂಬ ಉದಾಹರಣೆ ತರಗತಿಗಳಲ್ಲಿ ಪ್ರಸಿದ್ಧವಾಗಿದೆ.

ಆರಿ ಆಸ್ಟರ್ ಅವರ ಮೊದಲ ಕಥಾಚಿತ್ರ 'ಹೆರೆಡಿಟರಿ' ಇದೇ ವ್ಯಾಪಾರವನ್ನು ಪದವಿಲ್ಲದೆ ನಡೆಸುತ್ತದೆ. ಅಜ್ಜಿಯ ಮರಣದೊಡನೆ ಆರಂಭವಾಗುವ ಈ ಕಥೆಯಲ್ಲಿ ಚಾರ್ಲಿ ಎಂಬ ಹುಡುಗಿಗೆ ನಾಲಗೆಯನ್ನು ಅಂಗುಳಿಗೆ ತಾಗಿಸಿ ಲೊಚಗುಟ್ಟುವ ಅಭ್ಯಾಸವಿದೆ. ಮೊದಲು ಕೇಳಿದಾಗ ಅದು ಒಂದು ಮಗುವಿನ ವಿಚಿತ್ರ ಚಾಳಿ, ಅಷ್ಟೇ. ಚಾರ್ಲಿ ಅಪಘಾತದಲ್ಲಿ ಸಾಯುತ್ತಾಳೆ. ಆ ಬಳಿಕ ಕತ್ತಲ ಕೋಣೆಯಲ್ಲಿ ಅದೇ ಸದ್ದು ಕೇಳಿಬರುತ್ತದೆ. ಸದ್ದು ಎಳ್ಳಷ್ಟೂ ಬದಲಾಗಿಲ್ಲ, ಪ್ರಕರಣ ಬದಲಾಗಿದೆ. ಭಾರೀ ವಾದ್ಯವೃಂದದಿಂದಲೂ ಆಗದ ಕೆಲಸವನ್ನು ನಾಲಗೆಯ ಒಂದು ತಟುಕು ಮಾಡುತ್ತದೆ. ವಾಚ್ಯ ಒಂದೇ ಆಗಿದ್ದು ವ್ಯಂಗ್ಯ ಬೇರೆಯಾಗುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.

ಈ ಚಿತ್ರದ ಸಂಗೀತ ಕಾಲಿನ್ ಸ್ಟೆಟ್ಸನ್ ಅವರದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ಈ ವಾದಕ ಆಳೆತ್ತರದ ಬೇಸ್ ಸ್ಯಾಕ್ಸೋಫೋನಿಗೆ ಹೆಸರಾದವರು. ಮೂಗಿನಿಂದ ಗಾಳಿ ಸೆಳೆದುಕೊಳ್ಳುತ್ತ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಬಿಡುವ, ಪುಂಗಿ ಊದುವವರಿಗೂ ಗೊತ್ತಿರುವ ವಿಧಾನದಿಂದ ಅವರು ಉಸಿರು ಕಡಿಯದೆ ಬಹಳ ಹೊತ್ತು ನುಡಿಸಬಲ್ಲರು. ಗಂಟಲಿಗೆ ಮೈಕನ್ನು ತಾಗಿಸಿ ಒಳಗಿನ ಗುನುಗನ್ನು ಹಿಡಿಯುವುದು, ವಾದ್ಯದ ಕೀಲಿಗಳ ಟಕಟಕ ಸದ್ದನ್ನೇ ತಾಳವಾಗಿಸುವುದು ಅವರ ಏಕವ್ಯಕ್ತಿ ವಾದನದ ಲಕ್ಷಣಗಳು. ಚಿತ್ರಕಥೆಯನ್ನು ಬರೆಯುವಾಗಲೇ ಆಸ್ಟರ್ ಸ್ಟೆಟ್ಸನ್‌ರ ಸಂಗೀತವನ್ನು ಕೇಳುತ್ತಿದ್ದರು.

'ಹೆರೆಡಿಟರಿ'ಯಲ್ಲಿ ತಂತಿವಾದ್ಯವೆಂದೋ ಎಲೆಕ್ಟ್ರಾನಿಕ್ ಯಂತ್ರವೆಂದೋ ತೋರುವ ಎಷ್ಟೋ ನಾದಗಳು ಕ್ಲಾರಿನೆಟ್ಟಿನಂಥ ಊದುವಾದ್ಯಗಳಿಂದ ಹುಟ್ಟಿದವು. ಕಾಣದ ಮೂಲದ ತತ್ತ್ವ ಇಲ್ಲಿ ವಾದ್ಯದ ಮಟ್ಟಕ್ಕೂ ಇಳಿದಿದೆ. ನುಡಿಯುತ್ತಿರುವುದು ಯಾವ ವಾದ್ಯವೆಂದು ಕೇಳುಗನಿಗೆ ತಿಳಿಯುವುದಿಲ್ಲ. ಆದರೆ ನಾದದೊಳಗೆ ಒಂದು ಉಸಿರಿದೆಯೆಂಬುದು ತಿಳಿಯುತ್ತದೆ. ಮನೆಯ ಖಾಲಿ ಕೋಣೆಗಳ ಮೇಲೆ ಕ್ಯಾಮೆರಾ ಚಲಿಸುವಾಗ ಕೆಳಸ್ತರದಲ್ಲಿ ಕೇಳುವ ಮಂದ್ರ ನಾದ, ಯಾರೋ ಅಲ್ಲಿ ಉಸಿರಾಡುತ್ತ ಕಾದಿರುವಂತೆ ಭಾಸವಾಗುತ್ತದೆ. ಕುಟುಂಬದ ದುರಂತವೆಲ್ಲ ಹೊರಗಿನವರು ಹೂಡಿದ ಸಂಚೆಂದು ಕೊನೆಯಲ್ಲಿ ಬಯಲಾದಾಗ, ಆ ನಾದ ಮೊದಲಿನಿಂದಲೂ ಯಾರ ಪಕ್ಷದಲ್ಲಿತ್ತೆಂಬುದು ಅರ್ಥವಾಗುತ್ತದೆ. ಕೊನೆಯ ದೃಶ್ಯದಲ್ಲಿ ಸಂಗೀತ ಹಠಾತ್ತಾಗಿ ಭವ್ಯವೂ ಸಂಭ್ರಮಪೂರ್ಣವೂ ಆಗುತ್ತದೆ. ಕುಟುಂಬ ನಾಶವಾದ ಗಳಿಗೆ ಅದು. ಸಂಚುಗಾರರಿಗೆ ಮಾತ್ರ ಪಟ್ಟಾಭಿಷೇಕದ ಗಳಿಗೆ. ನಲಿವಿನ ನಾದದಿಂದ ಭಯವನ್ನು ವ್ಯಂಜಿಸುವ ಈ ಬಗೆ ವಿರುದ್ಧ ಸಾಮಗ್ರಿಯಿಂದಲೂ ರಸಪುಷ್ಟಿ ಸಾಧ್ಯವೆಂಬುದನ್ನು ತೋರಿಸುತ್ತದೆ.

ಹೆಸರಿಟ್ಟರೆ ಕೆಡುವ ರಸ

ರಸದೋಷಗಳನ್ನು ಹೇಳುವಾಗ ಮಮ್ಮಟನು ಸ್ವಶಬ್ದವಾಚ್ಯತೆಯನ್ನು ಮೊದಲಲ್ಲಿಟ್ಟಿದ್ದಾನೆ. ರಸವನ್ನಾಗಲಿ ಸ್ಥಾಯಿಯನ್ನಾಗಲಿ ಅದರ ಹೆಸರಿನಿಂದಲೇ ಹೇಳಿಬಿಟ್ಟರೆ ಅದು ಅನುಭವಕ್ಕೆ ಬರುವುದಿಲ್ಲ. ಭಯವಾಯಿತೆಂದು ಬರೆದ ಮಾತ್ರಕ್ಕೆ ಓದುಗನಿಗೆ ಭಯವಾಗದು. ಭಯಾನಕ ಚಿತ್ರದ ಸಂಗೀತದಲ್ಲಿ ಈ ದೋಷ ತೀರ ಸಾಮಾನ್ಯ. ನಾಯಿಕೆ ಮೆಟ್ಟಿಲು ಇಳಿಯುವ ಮುಂಚೆಯೇ ಸಿದ್ಧಮಾದರಿಯ ಗಡುಸು ನಾದವೊಂದು ಈಗ ಹೆದರಬೇಕೆಂದು ಘೋಷಿಸುತ್ತದೆ. ಘೋಷಣೆಯನ್ನು ಕೇಳಿದ ಪ್ರೇಕ್ಷಕ ಎಚ್ಚರಗೊಳ್ಳುತ್ತಾನೆ. ಎಚ್ಚರಗೊಂಡವನಿಗೆ ಸಂಗೀತ ಕೇಳುತ್ತದೆ, ಭಯವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಧ್ವನಿಸಿದ್ಧಾಂತ ರಸವನ್ನು ಅಸಂಲಕ್ಷ್ಯಕ್ರಮ ವ್ಯಂಗ್ಯವೆನ್ನುತ್ತದೆ. ವಿಭಾವಾದಿಗಳು ಮೊದಲು, ರಸ ಆಮೇಲೆ ಎಂಬ ಕ್ರಮ ಇದ್ದೇ ಇದೆ; ಆದರೆ ಅದು ಸಹೃದಯನ ಗಮನಕ್ಕೆ ಬರುವುದಿಲ್ಲ. ವಾತಾವರಣದ ಸಂಗೀತದ ಯಶಸ್ಸು ಇದನ್ನೇ ಅವಲಂಬಿಸಿದೆ. ಚಿತ್ರ ಮುಗಿದ ಬಳಿಕ ಅದರ ಸಂಗೀತವನ್ನು ಗುನುಗಲು ಪ್ರೇಕ್ಷಕನಿಗೆ ಸಾಧ್ಯವಾಗದಿರಬಹುದು. ಸಂಗೀತವಿತ್ತೇ ಎಂದು ಕೇಳಿದರೆ ಅವನು ಅನುಮಾನಿಸಲೂಬಹುದು. ಅವನಿಗೆ ನೆನಪಿರುವುದು ಆ ಮನೆಯ ಕತ್ತಲೆ.

ಸಂಗೀತ ಹಿಂದೆ ಸರಿಯುವುದೂ ಈ ವಿವೇಕದ ಭಾಗವೇ. 'ಹೆರೆಡಿಟರಿ'ಯಲ್ಲಿ ತಂಗಿಯ ಸಾವಿಗೆ ಕಾರಣನಾದ ಅಣ್ಣ ಮನೆಗೆ ಬಂದು, ಯಾರಿಗೂ ಹೇಳಲಾರದೆ ಹಾಸಿಗೆಯಲ್ಲಿ ಮಲಗುತ್ತಾನೆ. ಬೆಳಗಾಗುತ್ತದೆ. ಪರದೆಯ ಮೇಲೆ ಅವನ ಮುಖ ಮಾತ್ರವಿದೆ. ತಾಯಿ ಹೊರಗೆ ಹೋಗುವುದು, ಅವಳ ಆಕ್ರಂದನ ಎರಡೂ ಕೇಳಿಸುತ್ತವೆ, ಕಾಣುವುದಿಲ್ಲ. ವಾರ್ತೆಯನ್ನು ಬಲ್ಲ ಮುಖ ಮತ್ತು ವಾರ್ತೆ ತಿಳಿದ ಕೂಗು, ಇವೆರಡರ ನಡುವೆ ಯಾವ ವಾದ್ಯಕ್ಕೂ ಸ್ಥಳವಿಲ್ಲ. ಭರತನು ಭಯಾನಕದ ವಿಭಾವಗಳಲ್ಲಿ ತನ್ನವರ ಮರಣವನ್ನು ಕಾಣುವುದನ್ನೂ ಕೇಳುವುದನ್ನೂ ಸೇರಿಸಿದ್ದಾನೆ. ದೆವ್ವಗಳ ಕಥೆಯ ಅಡಿಯಲ್ಲಿ ಈ ಚಿತ್ರ ಹೇಳುತ್ತಿರುವುದು ಆ ಭಯದ ಕಥೆಯನ್ನೇ.

ಭಯ ಆಸ್ವಾದ್ಯವಾಗುವ ಬಗೆ

ಜನರು ಹಣ ಕೊಟ್ಟು ಹೆದರಲು ಹೋಗುವುದೇಕೆಂಬ ಪ್ರಶ್ನೆಗೆ ಉತ್ತರ ಅಭಿನವಗುಪ್ತನ ಸಾಧಾರಣೀಕರಣದ ವಿವರಣೆಯಲ್ಲಿದೆ. ರಸಾನುಭವದ ಸ್ವರೂಪವನ್ನು ಹೇಳುವಾಗ ಅವನು ಉದಾಹರಣೆಗೆ ಆರಿಸಿಕೊಂಡದ್ದು ಭಯಾನಕವನ್ನೇ: ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ, ಕೊರಳು ತಿರುಗಿಸಿ ಮತ್ತೆ ಮತ್ತೆ ಹಿಂದೆ ನೋಡುತ್ತ ಓಡುವ ಜಿಂಕೆ. ಆ ಭಯ ಇಂಥ ಜಿಂಕೆಯದೆಂದಾಗಲಿ, ತನ್ನದೆಂದಾಗಲಿ, ಶತ್ರುವಿನದೆಂದಾಗಲಿ ಸಹೃದಯನಿಗೆ ತೋರುವುದಿಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯಮಾತ್ರ ಅವನಿಗೆ ಗೋಚರಿಸುತ್ತದೆ. ತನ್ನ ಭಯವಾಗಿದ್ದರೆ ಅವನು ಎದ್ದು ಓಡುತ್ತಿದ್ದ. ಪರರ ಭಯವಾಗಿದ್ದರೆ ಸುಮ್ಮನೆ ನೋಡುತ್ತಿದ್ದ. ಎರಡೂ ಅಲ್ಲದ್ದರಿಂದಲೇ ಅದು ಆಸ್ವಾದ್ಯವಾಗುತ್ತದೆ.

ಬೆಚ್ಚಿಬೀಳಿಸುವ ಹೊಡೆತ ಈ ಸ್ಥಿತಿಯನ್ನು ಭಂಗಗೊಳಿಸುತ್ತದೆ. ಅದು ಪ್ರೇಕ್ಷಕನ ಸ್ವಂತ ದೇಹವನ್ನು ತಟ್ಟಿ, ಅವನನ್ನು ಅವನ ಕುರ್ಚಿಗೆ ಹಿಂದಿರುಗಿಸುತ್ತದೆ. ಕಾಡಿನ ಅಂಚಿನ ಕಂಠಗಳೂ ಖಾಲಿ ಕೋಣೆಯ ಉಸಿರೂ ಹಾಗೆ ಮಾಡುವುದಿಲ್ಲ. ಅವು ಯಾರವೆಂದು ತಿಳಿಯದಿರುವುದರಿಂದಲೇ ಎಲ್ಲರಿಗೂ ಸ್ವಂತವಾಗುತ್ತವೆ. ಭಯಾನಕ ರಸಕ್ಕೆ ಉದಾಹರಣೆ ಕೊಡಬೇಕಾದಾಗ ವಿದ್ಯಾರ್ಥಿಗಳು ಪ್ರಾಚೀನ ಪದ್ಯಗಳ ಜೊತೆಗೆ ಇಂಥ ಒಂದು ದೃಶ್ಯವನ್ನೂ ಬಿಡಿಸಿ ನೋಡಬಹುದು. ಮೊದಲು ಪರದೆಯನ್ನು ನೋಡದೆ ಕೇಳುವುದು, ಆಮೇಲೆ ಸದ್ದನ್ನು ಅಡಗಿಸಿ ನೋಡುವುದು, ಕೊನೆಗೆ ಎರಡನ್ನೂ ಕೂಡಿಸುವುದು. ವಿಭಾವ ಯಾವುದು, ವ್ಯಭಿಚಾರಿ ಎಲ್ಲಿ ಬಂತು, ಸ್ಥಾಯಿ ಎಲ್ಲಿಂದ ಎಲ್ಲಿಯವರೆಗೆ ಉಳಿಯಿತು ಎಂಬುದನ್ನು ಹೀಗೆ ಗುರುತಿಸಿದವರಿಗೆ ಪಠ್ಯದ ಪರಿಭಾಷೆ ಬಾಯಿಪಾಠದ ಪಟ್ಟಿಯಾಗಿ ಉಳಿಯದೆ ಕೇಳುವ ಕಿವಿಯ ಉಪಕರಣವಾಗುತ್ತದೆ.